ಕೈ ಬಿಗಿಹಿಡಿದು ಹಬ್ಬ ಮಾಡಿದರೆ ವ್ರತಲೋಪವೇ?

ಪ್ರಶ್ನೆ: ನಮ್ಮ ಮನೆಯಲ್ಲಿ ವರಮಹಾಲಕ್ಷ್ಮೀ ವ್ರತ, ಗೌರಿ-ಗಣೇಶ ಎರಡೂ ನಡೆದುಕೊಂಡು ಬಂದಿವೆ. ಹೋದ ವರ್ಷ ಮಂಟಪ, ಹೂವು, ಬಾಗಿನ, ಅರಿಶಿನ-ಕುಂಕುಮಕ್ಕೆ ಬಂದವರಿಗೆ ಕೊಡೋ ಉಡುಗೊರೆ ಅಂತ ನನ್ನ ಎರಡು ಬಳೆ ಅಡವಿಟ್ಟು ಹಬ್ಬ ಮಾಡಿದ್ವಿ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ. ಈ ವರ್ಷ ನಮ್ಮ ಯಜಮಾನರಿಗೆ ಕೆಲಸವೂ ಕಡಿಮೆ. ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದು, ‘ಅಮ್ಮಾ, ಸಣ್ಣ ಮಣ್ಣಿನ ಗಣಪತಿ ತಂದು ಮನೇಲೇ ಬಕೆಟ್‌ನಲ್ಲಿ ಬಿಡೋಣ’ ಅಂತಾಳೆ. ನನಗೂ ಸರಿ ಅನ್ನಿಸುತ್ತೆ. ಆದರೆ ಅತ್ತೆಯವರು ಒಪ್ಪುತ್ತಿಲ್ಲ. ‘ದೇವರಿಗೆ ನಾವು ಕಡಿಮೆ ಮಾಡಿದ್ರೆ ದೇವರು ನಮಗೆ ಕಡಿಮೆ ಮಾಡ್ತಾನೆ. ವಿತ್ತಶಾಠ್ಯ ಮಾಡಬಾರದು ಅಂತ ವ್ರತದ ಪುಸ್ತಕದಲ್ಲೇ ಇದೆ’ ಅಂತಾರೆ. ಖರ್ಚು ಇಳಿಸಿದರೆ ದೋಷ ಬರುತ್ತದೆಯೇ? ದಯವಿಟ್ಟು ತಿಳಿಸಿ.
— ಒಬ್ಬ ಸಹೋದರಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಅತ್ತೆಯವರು ಹೇಳಿದ ಮಾತು ಸುಳ್ಳಲ್ಲ. ವ್ರತಕಲ್ಪಗಳಲ್ಲಿ ವಿತ್ತಶಾಠ್ಯ ಕೂಡದು ಎಂಬ ಎಚ್ಚರಿಕೆ ಬರುತ್ತದೆ. ಹಿರಿಯರು ಅದನ್ನು ನೆನಪಿಟ್ಟುಕೊಂಡು ಹೇಳಿದ್ದು ಒಳ್ಳೆಯದೇ. ಆದರೆ ಆ ಪದದ ಅರ್ಥವನ್ನು ನಾವು ಸಾಮಾನ್ಯವಾಗಿ ‘ಜಿಪುಣತನ’ ಎಂದಷ್ಟೇ ಮಾಡಿಕೊಂಡು ಮುಂದೆ ಹೋಗಿಬಿಡುತ್ತೇವೆ. ಸ್ವಲ್ಪ ನಿಂತು ನೋಡೋಣ.

ವಿತ್ತ ಎಂದರೆ ಹಣ. ಶಾಠ್ಯ ಎಂದರೆ ಶಠತನ, ಅಂದರೆ ವಂಚನೆ. ವಿತ್ತಶಾಠ್ಯ ಎಂದರೆ ಹಣದ ವಿಷಯದಲ್ಲಿ ದೇವರ ಮುಂದೆ ಮಾಡುವ ಮೋಸ. ನೂರು ರೂಪಾಯಿ ಖರ್ಚು ಮಾಡಿದವನು ಶಠ, ಸಾವಿರ ಖರ್ಚು ಮಾಡಿದವನು ಭಕ್ತ ಎಂಬ ಲೆಕ್ಕ ಅದರಲ್ಲಿ ಇಲ್ಲ. ಇರುವುದನ್ನು ಇಲ್ಲ ಎಂದು ಹೇಳಿಕೊಂಡರೆ ಅದು ಶಾಠ್ಯ. ಹಾಗಾದರೆ ಇಲ್ಲದ್ದನ್ನು ಇದೆ ಎಂದು ತೋರಿಸಿಕೊಂಡರೆ? ಅದನ್ನು ಬೇರೆ ಏನೆಂದು ಕರೆಯುವುದು? ಅದೂ ಹಣದ ವಿಷಯದಲ್ಲಿ ಆಡುವ ಸುಳ್ಳೇ ಅಲ್ಲವೇ? ಬಳೆ ಅಡವಿಟ್ಟು ಕಟ್ಟಿದ ಮಂಟಪದ ಮುಂದೆ ಕೂತು ‘ಯಥಾಶಕ್ತಿ’ ಪೂಜೆ ಮಾಡುತ್ತೇನೆ ಎಂದು ಸಂಕಲ್ಪ ಹೇಳಿದರೆ, ಆ ಮಾತು ನಿಜವಾಯಿತೇ? ನಮ್ಮ ಶಕ್ತಿ ಎಂದರೆ ನಮ್ಮ ದುಡಿಮೆ, ನಮ್ಮ ಮನೆಯಲ್ಲಿ ಇರುವುದು. ಸಾಲ ಕೊಟ್ಟವರ ಶಕ್ತಿಯನ್ನು ನಮ್ಮ ಶಕ್ತಿಯೆಂದು ದೇವರ ಮುಂದೆ ಹೇಳಲು ಬರುವುದಿಲ್ಲ.

ಈ ಮಾತಿಗೆ ಬೇರೆಲ್ಲೂ ಹುಡುಕುವುದು ಬೇಡ. ನೀವು ಎಷ್ಟೋ ಸಲ ಕೇಳಿರುವ ಸತ್ಯನಾರಾಯಣ ವ್ರತಕಥೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಬ್ಬ ಸೌದೆ ಮಾರುವವನು ಬರುತ್ತಾನೆ. ಇವತ್ತು ಸೌದೆ ಮಾರಿ ಎಷ್ಟು ಬರುತ್ತದೋ ಅಷ್ಟರಲ್ಲೇ ಪೂಜೆ ಮಾಡುತ್ತೇನೆ ಎಂದು ಮನಸ್ಸು ಮಾಡುತ್ತಾನೆ, ಮಾಡುತ್ತಾನೆ. ಯಾರ ಹತ್ತಿರವೂ ಕೈ ಚಾಚಲಿಲ್ಲ. ಅದೇ ಕಥೆಯಲ್ಲಿ ಸಾಧು ಎಂಬ ಸಾಹುಕಾರ ವ್ಯಾಪಾರಿಯೂ ಇದ್ದಾನೆ. ಮಗುವಾದರೆ ವ್ರತ ಮಾಡುತ್ತೇನೆ ಎಂದವನು ಮಗಳು ಹುಟ್ಟಿದ ಮೇಲೆ ಅವಳ ಮದುವೆಯ ಹೊತ್ತಿಗೆ ನೋಡೋಣ ಎನ್ನುತ್ತಾನೆ. ಮದುವೆಯೂ ಆಗುತ್ತದೆ, ವ್ರತ ಮಾತ್ರ ಆಗುವುದಿಲ್ಲ. ಕೊನೆಗೆ ಸಂನ್ಯಾಸಿಯ ವೇಷದಲ್ಲಿ ಬಂದ ಭಗವಂತ ‘ದೋಣಿಯಲ್ಲಿ ಏನಿದೆ?’ ಎಂದು ಕೇಳಿದಾಗ, ತುಂಬಿದ ಹಣವನ್ನು ಮುಚ್ಚಿಟ್ಟು ‘ಬರೀ ಎಲೆ-ಬಳ್ಳಿ’ ಎಂದುಬಿಡುತ್ತಾನೆ. ವಿತ್ತಶಾಠ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ? ಕಷ್ಟ ಬಂದದ್ದು ಆ ಸಾಹುಕಾರನಿಗೆ. ಸೌದೆಯವನ ಪೂಜೆ ಸಣ್ಣದಾಯಿತೆಂದು ದೇವರು ಅವನಿಗೆ ಏನನ್ನೂ ಕಡಿಮೆ ಮಾಡಲಿಲ್ಲ. ಪ್ರಸಾದದ ವಿಷಯದಲ್ಲೂ ಆ ಕಥೆ ಎಷ್ಟು ಉದಾರವಾಗಿದೆ ನೋಡಿ: ಗೋಧಿ ಸಿಗದಿದ್ದರೆ ಅಕ್ಕಿ ಹಿಟ್ಟು, ಸಕ್ಕರೆ ಇಲ್ಲದಿದ್ದರೆ ಬೆಲ್ಲ ಆಗಬಹುದು ಎಂದು ಅಲ್ಲೇ ಹೇಳಿದೆ.

ವರಮಹಾಲಕ್ಷ್ಮೀ ಕಥೆಯ ಚಾರುಮತಿಯನ್ನೂ ನೆನೆಸಿಕೊಳ್ಳಿ. ಕುಂಡಿನ ನಗರದ ಆ ಹೆಣ್ಣುಮಗಳ ಕನಸಿನಲ್ಲಿ ಲಕ್ಷ್ಮಿ ಬಂದದ್ದು ಅವಳು ಮಂಟಪ ಕಟ್ಟಿದ್ದಕ್ಕಲ್ಲ. ಆಗ ಅವಳಿಗೆ ಆ ವ್ರತವೇ ಗೊತ್ತಿರಲಿಲ್ಲ. ಅವಳ ನಡತೆಯನ್ನು ಮೆಚ್ಚಿ ದೇವಿಯೇ ಬಂದಳು. ಕಾಲ್ಗೆಜ್ಜೆ, ಕೈಬಳೆ ಎಲ್ಲ ಬಂದದ್ದು ಪೂಜೆ ಮುಗಿದು ಪ್ರದಕ್ಷಿಣೆ ಹಾಕುವಾಗ. ಆ ಕಥೆಯಲ್ಲಿ ಒಡವೆ ಪೂಜೆಯ ಫಲವಾಗಿ ಬಂದಿದೆ, ಬಂಡವಾಳವಾಗಿ ಅಲ್ಲ. ಈ ವ್ರತ ಮಾಡಲು ಹೆಣ್ಣುಮಗಳೊಬ್ಬಳು ಕೈಯಲ್ಲಿದ್ದ ಬಳೆಯನ್ನೇ ತೆಗೆದು ಅಡವಿಡಬೇಕು ಎಂದರೆ ಕಥೆ ತಲೆಕೆಳಗಾದ ಹಾಗೆ.

ಇನ್ನು ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ಪ್ರಶ್ನೆ. ಷೋಡಶೋಪಚಾರದಲ್ಲಿ 16 ಉಪಚಾರಗಳಿವೆ. ಅಷ್ಟು ಆಗದಿದ್ದವರಿಗೆ ಪಂಚೋಪಚಾರ ಇದೆ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ಐದೇ. ಪೂಜೆಯ ನಡುವೆ ವಸ್ತ್ರ ಇಲ್ಲ, ಆಭರಣ ಇಲ್ಲ ಎಂದಾದರೆ ಪುರೋಹಿತರು ಏನು ಮಾಡಿಸುತ್ತಾರೆ ಗಮನಿಸಿದ್ದೀರಾ? ಅದರ ಬದಲು ನಾಲ್ಕು ಅಕ್ಷತೆ ಹಾಕಿಸಿ ಮುಂದೆ ಹೋಗುತ್ತಾರೆ. ‘ನಿನಗೆ ವಸ್ತ್ರ ಕೊಡಬೇಕೆಂದು ಮನಸ್ಸಿದೆ, ಕೈಯಲ್ಲಿ ಇಷ್ಟಿದೆ’ ಎಂದು ನಿಜ ಹೇಳುವುದಕ್ಕೆ ಪದ್ಧತಿಯೇ ಮಾಡಿಕೊಟ್ಟ ದಾರಿ ಅದು. ಥರ್ಮೋಕೋಲ್ ಮಂಟಪ, ಪ್ಲಾಸ್ಟಿಕ್ ಹಾರ, ಸೀರಿಯಲ್ ಸೆಟ್, ಹಿಂದಿನ ಪರದೆ, ಇವು 16ರಲ್ಲೂ ಇಲ್ಲ, ಐದರಲ್ಲೂ ಇಲ್ಲ. ಇವುಗಳನ್ನು ಬಿಟ್ಟರೆ ವ್ರತಕ್ಕೆ ಲೋಪ ಬರುವ ಮಾತೇ ಇಲ್ಲ. ಕಲಶ, ಅದರೊಳಗೆ ಅಕ್ಕಿ ಅಥವಾ ನೀರು, ಮೇಲೆ ಮಾವಿನೆಲೆ ಅಥವಾ ವೀಳ್ಯದೆಲೆ, ತೆಂಗಿನಕಾಯಿ, ಅರಿಶಿನದ 9 ಎಳೆ 9 ಗಂಟಿನ ದಾರ, ಮನೆಯಲ್ಲಿ ಮಾಡಿದ ನೈವೇದ್ಯ, ಕಥಾಶ್ರವಣ. ವರಮಹಾಲಕ್ಷ್ಮಿಗೆ ಇವಿದ್ದರೆ ಆಯಿತು. ಆ ತೆಂಗಿನಕಾಯಿಯೂ, ಅಕ್ಕಿಯೂ ಆಮೇಲೆ ಅಡುಗೆಗೆ ಬರುತ್ತವೆ.

ಹೂವಿನ ವಿಷಯ. ಶ್ರಾವಣದ ಆ ಶುಕ್ರವಾರ ಕನಕಾಂಬರ, ಮಲ್ಲಿಗೆ, ಸೇವಂತಿಗೆ ಬೆಲೆ ಎಲ್ಲಿಗೆ ಏರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದೇವಿಗೆ ಒಂದು ಮಾರು ಹೂವು ಸಾಕು. ಮನೆ ಹಿತ್ತಲಲ್ಲಿ ದಾಸವಾಳ ಇದ್ದರೆ ಅದೂ ಆದೀತು. ಭಗವದ್ಗೀತೆಯ 9ನೇ ಅಧ್ಯಾಯದಲ್ಲಿ ಭಗವಂತ ಕೇಳಿದ್ದೇ ಎಲೆ, ಹೂವು, ಹಣ್ಣು, ನೀರು ಎಂಬ ನಾಲ್ಕು ಪದಾರ್ಥಗಳನ್ನು. ಗಣಪತಿಯಂತೂ ಇನ್ನೂ ಸುಲಭದವನು. ಅವನ 21 ಪತ್ರೆಗಳ ಪಟ್ಟಿ ನೋಡಿ: ಗರಿಕೆ, ಉತ್ತರಾಣಿ, ಎಕ್ಕ, ದತ್ತೂರಿ, ಲಕ್ಕಿ, ಬನ್ನಿ, ಬಿಲ್ವ, ಮಾವು, ದಾಳಿಂಬೆ, ಅರಳಿ... ಇವುಗಳಲ್ಲಿ ಎಷ್ಟು ಬೇಲಿಯಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುವಂಥವು! ದುಡ್ಡು ಕೊಟ್ಟು ತರಬೇಕಾದ ಗಿಡಗಳಿಗಿಂತ ಗುರುತು ಹಿಡಿಯಬೇಕಾದ ಗಿಡಗಳೇ ಹೆಚ್ಚು. ಮಗಳನ್ನು ಕರೆದುಕೊಂಡು ಹೋಗಿ, ಇದು ಉತ್ತರಾಣಿ, ಇದು ಲಕ್ಕಿ ಎಂದು ತೋರಿಸಿ. ಒಂದೊಂದರಲ್ಲಿ ಎರಡೆರಡು ಎಲೆ ಕಿತ್ತರೆ ಸಾಕು, ರೆಂಬೆ ಮುರಿಯುವುದು ಬೇಡ. ಸಿಕ್ಕದ ಪತ್ರೆಗೆ ಅಕ್ಷತೆ ಇದ್ದೇ ಇದೆ. ಕಡುಬೂ ಅಷ್ಟೇ. 21 ಎಂದರೆ 21 ದೊಡ್ಡ ಕಡುಬು ಎಂದು ಯಾರು ಹೇಳಿದರು? ಪುಟ್ಟದಾಗಿ ಮಾಡಿ, ಮನೆಯವರೂ ಪಕ್ಕದ ಮನೆಯವರೂ ತಿಂದು ಮುಗಿಯುವಷ್ಟು. ನೈವೇದ್ಯವಾದ ಅನ್ನ ಮಾರನೇ ದಿನ ಕಸದ ಗಾಡಿಗೆ ಹೋಗುವುದೇ ನಿಜವಾದ ಲೋಪ.

ಈಗ ಮೂರ್ತಿಯ ವಿಷಯಕ್ಕೆ ಬರೋಣ. ‘ಒಂದು ಸಲ ಇಷ್ಟು ಎತ್ತರದ ಗಣಪತಿ ತಂದರೆ ಮುಂದಿನ ವರ್ಷ ಅದಕ್ಕಿಂತ ಸಣ್ಣದು ತರಬಾರದು’ ಎಂಬ ಮಾತು ಹಲವು ಕಡೆ ಓಡಾಡುತ್ತಿದೆ. ಇದು ಬಾಯಿಂದ ಬಾಯಿಗೆ ಬಂದ ಅಂಜಿಕೆ. ಅಂಗೈಯಗಲದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಪ್ರಾಣಪ್ರತಿಷ್ಠೆಯ ಮಂತ್ರ ಒಂದೇ. ಭಾದ್ರಪದ ಚೌತಿಯ ಪೂಜೆಗೆ ಮಣ್ಣಿನ ಮೂರ್ತಿ ಎಂದು ಹೇಳಿರುವುದಕ್ಕೆ ಕಾರಣವಿದೆ. ಮಣ್ಣಿನಿಂದ ಬಂದವನನ್ನು ಆವಾಹನೆ ಮಾಡಿ ಪೂಜಿಸಿ, ಉದ್ವಾಸನೆ ಮಾಡಿ ಮತ್ತೆ ನೀರು-ಮಣ್ಣಿಗೆ ಸೇರಿಸುವುದರಲ್ಲೇ ಆ ಪೂಜೆ ಪೂರ್ತಿಯಾಗುತ್ತದೆ. ಕರಗುವುದೂ ಪೂಜೆಯ ಒಂದು ಭಾಗ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಜಿಪ್ಸಂ ಅನ್ನು ಕಾಯಿಸಿ ಮಾಡಿದ ಪುಡಿ. ನೀರು ಬೆರೆಸಿದರೆ ಗಟ್ಟಿಯಾಗುತ್ತದೆ, ಆಮೇಲೆ ಸುಲಭಕ್ಕೆ ಕರಗುವುದಿಲ್ಲ. ಹಬ್ಬ ಮುಗಿದ ಮೇಲೆ ಕೆರೆ ದಂಡೆಯಲ್ಲಿ ಕೈ ಮುರಿದು, ಸೊಂಡಿಲು ಮುರಿದು ಬಿದ್ದ ಮೂರ್ತಿಗಳನ್ನು ನೋಡಿರುತ್ತೀರಿ. ಮನೆಯಲ್ಲಿ ಆರತಿ ಎತ್ತಿ ಕಣ್ಣಿಗೊತ್ತಿಕೊಂಡ ಮೂರ್ತಿಯನ್ನು ಜೆಸಿಬಿ ಬಾಚಿ ಲಾರಿಗೆ ಹಾಕುವುದನ್ನು ವಿಸರ್ಜನೆ ಎನ್ನಲಾಗುವುದೇ? ಇಂಥ ಮೂರ್ತಿಗಳಿಗೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಪರಿಷ್ಕೃತ ಮಾರ್ಗಸೂಚಿಯೂ ಮಣ್ಣಿನ ಮೂರ್ತಿಯನ್ನೇ ಹೇಳುತ್ತದೆ. ಅಲಂಕಾರದ ಥರ್ಮೋಕೋಲ್ ಕೂಡ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಈ ವಿಷಯದಲ್ಲಿ ಕಾನೂನು ಹೇಳುವುದೂ ಪೂಜಾವಿಧಿ ಹೇಳುವುದೂ ಒಂದೇ ಆಗಿದೆ.

ಬಕೆಟ್‌ನಲ್ಲಿ ಬಿಟ್ಟರೆ ದೋಷವೇ ಎಂಬುದು ನಿಮ್ಮ ಮಗಳ ಪರವಾಗಿ ನೀವು ಕೇಳಿದ ಪ್ರಶ್ನೆ. ಪ್ರತಿ ಪೂಜೆಯ ಆರಂಭದಲ್ಲಿ ಕಲಶಪೂಜೆ ಮಾಡುತ್ತೀರಲ್ಲ, ಆಗ ಒಂದು ಚೊಂಬು ನಲ್ಲಿ ನೀರಿಗೆ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಏಳೂ ನದಿಗಳನ್ನು ಬನ್ನಿ ಎಂದು ಕರೆಯುತ್ತೀರಿ. ಚೊಂಬಿಗೆ ಬಂದ ಗಂಗೆ ಬಕೆಟ್‌ಗೆ ಬರುವುದಿಲ್ಲವೇ? ಬರುತ್ತಾಳೆ. ಬಾರದಿದ್ದರೆ ನಾವು ಇಷ್ಟು ವರ್ಷ ಮಾಡಿದ ಕಲಶಪೂಜೆಯೆಲ್ಲ ಏನಾಯಿತು? ಆದ್ದರಿಂದ ಧೈರ್ಯವಾಗಿ ಮಾಡಿ, ಆದರೆ ಶ್ರದ್ಧೆಯಿಂದ ಮಾಡಿ. ಬಚ್ಚಲಿನ ಬಕೆಟ್ ಬೇಡ. ಶುದ್ಧವಾಗಿ ತೊಳೆದ ಹಿತ್ತಾಳೆ ಕೊಳಗ, ಸ್ಟೀಲ್ ಪಾತ್ರೆ ಅಥವಾ ಬೇರೆ ಬಕೆಟ್ ಇಟ್ಟುಕೊಳ್ಳಿ. ಉತ್ತರಪೂಜೆ ಮಾಡಿ, ಮೂರ್ತಿಯನ್ನು ಸ್ವಲ್ಪ ಅಲುಗಿಸಿ, ಹೂವು, ಗೆಜ್ಜೆವಸ್ತ್ರ, ಹಾರ ಎಲ್ಲ ತೆಗೆದಿಟ್ಟು ನೀರಿಗೆ ಬಿಡಿ. ಬಣ್ಣವಿಲ್ಲದ, ಸುಡದ ಜೇಡಿಮಣ್ಣಿನ ಮೂರ್ತಿಯಾದರೆ ತಾನಾಗಿಯೇ ಕರಗುತ್ತದೆ. ಆ ಮಣ್ಣು-ನೀರನ್ನು ಕಾಲಿಗೆ ಸಿಗದ ಕಡೆ, ಹೂವಿನ ಕುಂಡಕ್ಕೋ ಮರದ ಬುಡಕ್ಕೋ ಹಾಕಿ. ಪತ್ರೆ, ಹೂವನ್ನು ಗೊಬ್ಬರ ಮಾಡಿ. ಮನೆಯಲ್ಲಿ ಬಿಡಲು ಅತ್ತೆಯವರಿಗೆ ಮನಸ್ಸೇ ಬಾರದಿದ್ದರೆ ಪಾಲಿಕೆಯವರು ಹಬ್ಬಕ್ಕೆಂದು ಇಡುವ ವಿಸರ್ಜನೆ ತೊಟ್ಟಿ ಇದ್ದರೆ ಅಲ್ಲಿಗೆ ಹೋಗಿ ಬನ್ನಿ.

ಬಾಗಿನದ ವಿಷಯದಲ್ಲಿ ಒಂದು ಮಾತು ಖಾರವಾಗಿಯೇ ಹೇಳಬೇಕು. ಗೌರಿ ಬಾಗಿನದ ಬಿದಿರಿನ ಮೊರ ಈಗ ಪ್ಲಾಸ್ಟಿಕ್ ಆಗಿದೆ. ಇನ್ನು ಒಳಗೆ ಇಡುವ ರವಿಕೆ ಕಣ! ಇದು ಯಾರೂ ಹೊಲಿಸಿಕೊಳ್ಳದ ಬಟ್ಟೆ. ನಿಮ್ಮ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ, ಎರಡು ವರ್ಷ ಬಿಟ್ಟು ಅದೇ ಕಣ ನಿಮ್ಮ ಮಡಿಲಿಗೇ ಬಂದು ಬೀಳುವುದುಂಟು. ಎಲ್ಲರೂ ನಗುತ್ತೇವೆ, ಎಲ್ಲರೂ ಹಾಗೇ ಮಾಡುತ್ತೇವೆ. ಪಡೆದವರು ಬಳಸಲಾರದ್ದನ್ನು ಕೊಟ್ಟರೆ ಅದು ದಾನವಲ್ಲ, ಸಾಗಣೆ. 10 ಜನರಿಗೆ ಅಂಥದ್ದು ಕೊಡುವ ಬದಲು ಒಬ್ಬ ಮುತ್ತೈದೆಗೆ ಉಡುವಂಥ, ತೊಡುವಂಥ ಬಟ್ಟೆ ಕೊಡಿ. ಉಳಿದವರಿಗೆ ಅರಿಶಿನ-ಕುಂಕುಮ, ಎಲೆ-ಅಡಿಕೆ, ಒಂದು ಹಣ್ಣು, ಬೇಕಾದರೆ ಒಂದು ಅಚ್ಚು ಬೆಲ್ಲ. ಬಿದಿರಿನ ಮೊರ, ಅದರೊಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ ಎಂದು ಹಿಂದಿನವರು ಆರಿಸಿದ್ದು ಎಲ್ಲವೂ ಮನೆಯಲ್ಲಿ ಉಪಯೋಗಕ್ಕೆ ಬರುವ ವಸ್ತುಗಳೇ.

ಇಲ್ಲಿಯವರೆಗೆ ಹೇಳಿದ್ದು ನಿಮ್ಮ ಪರವಾಗಿ. ಇನ್ನು ಅತ್ತೆಯವರ ಪರವಾಗಿಯೂ ಸ್ವಲ್ಪ ಹೇಳಬೇಕು, ಏಕೆಂದರೆ ಅವರ ಭಯಕ್ಕೂ ಆಧಾರವಿದೆ. ಇತ್ತೀಚೆಗೆ ‘ಸರಳ ಹಬ್ಬ’, ‘ಪರಿಸರಸ್ನೇಹಿ’ ಎಂಬ ಮಾತುಗಳ ಹಿಂದೆ ಬೇರೊಂದು ಬಗೆಯ ವಿತ್ತಶಾಠ್ಯ ಅಡಗಿಕೊಳ್ಳುತ್ತಿದೆ. ಪೂಜೆಗೆ ಸಣ್ಣ ಮಣ್ಣಿನ ಗಣಪತಿ, ಅದೇ ವಾರ ದೊಡ್ಡ ಟಿವಿ. ಹೂವು ಕಟ್ಟಿ ಮಾರುವ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಶಿ, ಹೋಟೆಲಿನಲ್ಲಿ ಬಿಲ್ ನೋಡದೆ ಪಾವತಿ. ಪುರೋಹಿತರ ದಕ್ಷಿಣೆ, ಮನೆಕೆಲಸದವಳಿಗೆ ಹಬ್ಬಕ್ಕೆ ಕೊಡುತ್ತಿದ್ದ ಸೀರೆ, ಕುಂಬಾರರ ಹಣತೆ, ಇವುಗಳಲ್ಲೇ ಮೊದಲು ಕತ್ತರಿ. ಇಂಥ ಸರಳತೆ ಆ ಸಾಧು ವ್ಯಾಪಾರಿಯ ‘ಎಲೆ-ಬಳ್ಳಿ’ಯ ಮಾತೇ ಸರಿ. ನಿಮ್ಮ ಅತ್ತೆಯವರಿಗೆ ಬಹುಶಃ ಇದರ ಅಂಜಿಕೆ. ಇವತ್ತು ಮಂಟಪ ಬೇಡ ಎಂದವರು ನಾಳೆ ಪೂಜೆಯೇ ಬೇಡ ಎಂದಾರು ಎಂದು ಅವರಿಗೆ ಅನ್ನಿಸುತ್ತಿರಬಹುದು. ಮನೆಯ ಸಂಪ್ರದಾಯವನ್ನು ಇಷ್ಟು ವರ್ಷ ಹಿಡಿದು ನಡೆಸಿದವರು ಅವರು. ಅದು ತಮ್ಮ ಕಣ್ಣೆದುರೇ ಸವೆಯುತ್ತಿದೆ ಎಂದಾಗ ಹಣದ ಮಾತಿನಲ್ಲಿ ಹೇಳುತ್ತಿದ್ದಾರೆ, ಅಷ್ಟೇ.

ಹಾಗಾಗಿ ಅವರ ಹತ್ತಿರ ‘ಇದೆಲ್ಲ ಮೂಢನಂಬಿಕೆ’ ಎಂದು ಹೇಳಲು ಹೋಗಬೇಡಿ. ‘ಅತ್ತೆ, ನಿಮ್ಮ ಅತ್ತೆಯವರು ಹೇಗೆ ಮಾಡ್ತಿದ್ರು?’ ಎಂದು ಕೇಳಿ. ಆ ಕಾಲದಲ್ಲಿ ಥರ್ಮೋಕೋಲ್ ಎಲ್ಲಿತ್ತು? ಬಾಳೆಕಂದು, ಮಾವಿನ ತೋರಣ, ಮನೆಯವರೇ ಬಿಡಿಸಿದ ರಂಗೋಲಿ. ಉತ್ತರ ಕರ್ನಾಟಕದ ಕಡೆ ದೀಪಾವಳಿ ಪಾಡ್ಯಕ್ಕೆ ಇವತ್ತಿಗೂ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂವು ಸಿಕ್ಕಿಸಿ ಪೂಜಿಸುತ್ತಾರೆ. ಅದನ್ನು ಯಾರಾದರೂ ಬಡವರ ಪೂಜೆ ಎಂದಾರೆಯೇ? ಅತ್ತೆಯವರೇ ನೆನಪಿಸಿಕೊಂಡು ಹೇಳಲಿ, ನೀವು ಅದರಂತೆ ಮಾಡಿ. ಯಾವುದನ್ನು ಬಿಡುವುದು ಎಂದು ನೀವು ತೀರ್ಮಾನಿಸುವ ಮುಂಚೆ ಯಾವುದನ್ನು ಬಿಡಲೇಬಾರದು ಎಂದು ಅವರನ್ನೇ ಆರಿಸಲು ಬಿಡಿ. ಅವರು ಎರಡು ಹೇಳಿದರೆ ಎರಡನ್ನೂ ನಡೆಸಿ.

‘ನಾವು ಕಡಿಮೆ ಮಾಡಿದ್ರೆ ದೇವರು ಕಡಿಮೆ ಮಾಡ್ತಾನೆ’ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ. ಹಾಗೆ ಲೆಕ್ಕ ಇಡುವವನು ಬಡ್ಡಿಗೆ ಕೊಡುವವನು, ದೇವರಲ್ಲ. ನಾವು ಅರ್ಪಿಸುವ ಹೂವು, ನೀರು, ಮಣ್ಣು, ಬೆಳಕು ಯಾವುದೂ ನಮ್ಮದಾಗಿರಲಿಲ್ಲ. ಅವನು ಕೊಟ್ಟದ್ದನ್ನೇ ಅವನಿಗೆ ತೋರಿಸಿ, ಪ್ರಸಾದವೆಂದು ವಾಪಸು ತೆಗೆದುಕೊಳ್ಳುತ್ತೇವೆ. ಹಾಗಿರುವಾಗ ಅವನ ನೀರನ್ನು ಕೆಡಿಸಿ, ಅವನ ನೆಲಕ್ಕೆ ಕರಗದ ಕಸ ತುಂಬಿ, ಅದನ್ನು ಹೆಚ್ಚಿನ ಭಕ್ತಿ ಎಂದು ಹೇಳಿಕೊಳ್ಳಲು ಹೇಗೆ ಸಾಧ್ಯ? ಬೆಳಗ್ಗೆ ಎದ್ದು ಕಾಲು ಊರುವ ಮುಂಚೆ ಭೂಮಿತಾಯಿಯ ಕ್ಷಮೆ ಕೇಳುವ ಸಂಸ್ಕಾರ ನಮ್ಮದು. ಹಬ್ಬದ ಮಾರನೇ ದಿನವೂ ಆ ಕ್ಷಮೆಯನ್ನು ಕೇಳುವ ಮುಖ ನಮಗೆ ಇರಬೇಕು.

ಇದು ಗೌರಿ-ಗಣೇಶಕ್ಕಷ್ಟೇ ಅಲ್ಲ. ಆಯುಧಪೂಜೆಗೆ ಬೂದುಗುಂಬಳಕಾಯಿ ಒಡೆದರೆ ಗೇಟಿನ ಬದಿಯಲ್ಲಿ ಒಡೆದು, ಚೂರುಗಳನ್ನು ನೀವೇ ಎತ್ತಿಬಿಡಿ. ನಡುರಸ್ತೆಯಲ್ಲಿ ಬಿಟ್ಟು ಬೈಕಿನವರು ಜಾರಿ ಬಿದ್ದರೆ ದೃಷ್ಟಿ ತೆಗೆದ ಫಲವೇನು? ದೀಪಾವಳಿಗೆ ಎಣ್ಣೆನೀರು, ಹಣತೆಯ ಸಾಲು, ಗೋಪೂಜೆ ಮುಖ್ಯ. ಪಟಾಕಿ ಇಲ್ಲದಿದ್ದರೆ ಯಾವ ವಿಧಿಯೂ ಕೆಡುವುದಿಲ್ಲ.

ಕೊನೆಯದಾಗಿ, ಸಂಕಲ್ಪಕ್ಕೆ ಕೂರುವ ಮುಂಚೆ ಈ ಮೂರು ಪ್ರಶ್ನೆಗಳನ್ನು ಮನೆಯವರೆಲ್ಲ ಒಟ್ಟಿಗೆ ಕೇಳಿಕೊಳ್ಳಿ. ಈ ಖರ್ಚು ನಮ್ಮ ದುಡಿಮೆಯದೇ, ಸಾಲದ್ದೇ? ಇದನ್ನು ದೇವರಿಗಾಗಿ ಮಾಡುತ್ತಿದ್ದೇವೆಯೇ, ಬಂದವರು ಮೊಬೈಲಿನಲ್ಲಿ ಫೋಟೊ ತೆಗೆಯಲೆಂದೇ? ಉಳಿಸಿದ್ದು ಯಾರ ಕೈಯಿಂದ ಕಿತ್ತದ್ದು? ಮೂರಕ್ಕೂ ನೇರವಾಗಿ ಉತ್ತರ ಹೇಳಲು ಬಂದರೆ ವಿತ್ತಶಾಠ್ಯ ನಿಮ್ಮ ಹೊಸ್ತಿಲು ದಾಟುವುದಿಲ್ಲ.

ಈ ವರ್ಷ ಹಬ್ಬದ ಖರ್ಚಿನಲ್ಲಿ ಉಳಿದದ್ದನ್ನು ಮೊದಲು ಬಳೆ ಬಿಡಿಸಿಕೊಳ್ಳಲು ಸೇರಿಸಿಡಿ. ಸಾಲ ತೀರಿಸುವುದೂ ಧರ್ಮವೇ. ಬಿಡಿಸಿಕೊಂಡ ದಿನ ಆ ಬಳೆಗಳನ್ನು ದೇವರ ಮುಂದಿಟ್ಟು, ಅರಿಶಿನ-ಕುಂಕುಮ ಹಚ್ಚಿ, ಅತ್ತೆಯವರ ಕೈಯಿಂದಲೇ ತೊಡಿಸಿಕೊಳ್ಳಿ. ಅವರ ಆಶೀರ್ವಾದವೂ ಆಗುತ್ತದೆ, ಮನಸ್ಸೂ ಹಗುರಾಗುತ್ತದೆ. ನಿಮ್ಮ ಮಗಳಿಗೆ ನಮ್ಮ ಆಶೀರ್ವಾದ ತಿಳಿಸಿ. ಶುಭವಾಗಲಿ.